ಬರಿಂಕದ ಕಾಲು, ತಿಮಿಂಗಿಲದ ಕುಲ

ಹಟ್ಟಿಯಲ್ಲಿ ನಿಂತ ದನದ ಹಿಂಗಾಲನ್ನು ಒಮ್ಮೆ ಪಕ್ಕದಿಂದ ನೋಡಿ. ಕಾಲಿನ ನಡುಭಾಗದಲ್ಲಿ ಹಿಂದಕ್ಕೆ ಚಾಚಿಕೊಂಡ ಒಂದು ಗಂಟು ಕಾಣುತ್ತದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ಹಿಂದುಮುಂದಾಗಿ ಮಡಿಚುವ ಮೊಣಕಾಲು ಎಂದುಕೊಂಡಿದ್ದಾರೆ. ಅದು ದನದ ಹಿಮ್ಮಡಿ. ನಿಜವಾದ ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ, ಚರ್ಮದ ಮಡಿಕೆಯೊಳಗೆ ಅಡಗಿದೆ. ದನ, ಎಮ್ಮೆ, ಆಡು, ಕಡವೆ, ಕುದುರೆ ಇವೆಲ್ಲ ಹುಟ್ಟಿದಂದಿನಿಂದ ಸಾಯುವವರೆಗೆ ತುದಿಗಾಲಿನಲ್ಲೇ ನಿಲ್ಲುತ್ತವೆ. ನಾವು ಗೊರಸು ಎನ್ನುವುದು ಅವುಗಳ ಬೆರಳ ತುದಿಯ ಉಗುರು. ಅಂಗಾಲಿನ ಎಲುಬುಗಳು ಉದ್ದವಾಗಿ ಬೆಳೆದು ನೆಲ ಬಿಟ್ಟು ಮೇಲೆದ್ದಿವೆ, ಹಿಮ್ಮಡಿಯೂ ಅವುಗಳ ಜೊತೆ ಮೇಲೇರಿದೆ.

ಆ ಹಿಮ್ಮಡಿಯ ಮುಂದೆ, ಮೊಣಕಾಲಿನಿಂದ ಇಳಿದು ಬಂದ ಎಲುಬಿಗೂ ಪಾದಕ್ಕೂ ನಡುವೆ, ಒಂದು ಗಿಡ್ಡ ಮೂಳೆ ಕೂತಿರುತ್ತದೆ. ದನದಲ್ಲಿ ಅದರ ಉದ್ದ ಆರೇಳು ಸೆಂಟಿಮೀಟರ್. ಹರಡಿನ ಮೂಳೆ ಎಂದು ಕರೆಯೋಣ, ಶಾಸ್ತ್ರದಲ್ಲಿ ಅದರ ಹೆಸರು ಆಸ್ಟ್ರಗ್ಯಾಲಸ್. ತಲೆಬುರುಡೆ ಇಲ್ಲದಿದ್ದರೂ, ಕೊಂಬು ಇಲ್ಲದಿದ್ದರೂ, ಹಲ್ಲು ಒಂದೂ ಸಿಗದಿದ್ದರೂ, ಈ ಒಂದು ಮೂಳೆ ಕೈಗೆ ಬಂದರೆ ಸಾಕು, ಅದು ಯಾವ ಕುಲದ ಗೊರಸಿನ ಪ್ರಾಣಿಯದು ಎಂದು ಪಳಗಿದ ಕಣ್ಣು ಗುರುತಿಸುತ್ತದೆ. ಪ್ರಾಣಿ ಸತ್ತು ಐದು ಕೋಟಿ ವರ್ಷ ಕಳೆದಿದ್ದರೂ ಸರಿಯೆ. ತಿಮಿಂಗಿಲದ ಪೂರ್ವಿಕರು ಯಾರು ಎಂಬ ದಶಕಗಳ ಜಗಳ 2001ರಲ್ಲಿ ಇತ್ಯರ್ಥವಾದದ್ದು ಈ ಮೂಳೆಯ ಸಾಕ್ಷಿಯಿಂದಲೇ. ಆ ಕತೆಯಲ್ಲಿ ಬೆಳ್ತಂಗಡಿ ಸೀಮೆಯ ಕಾಡಿನ ಪುಟ್ಟ ಪ್ರಾಣಿಯೊಂದಕ್ಕೂ ಪಾಲಿದೆ.

ಮೊದಲೇ ಒಂದು ಮಾತು. ಲಾಯಿಲದಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ, ಬಂಟ್ವಾಳದಲ್ಲಾಗಲಿ ಅಡಿಕೆ ಗುಂಡಿ ತೋಡುವಾಗ ಇಂತಹ ಪಳೆಯುಳಿಕೆ ಸಿಕ್ಕೀತು ಎಂಬ ಆಸೆ ಬೇಡ. ನಮ್ಮ ಕಾಲಡಿಯ ಮೂಲಶಿಲೆ ಪ್ರಾಣಿಗಳೇ ಹುಟ್ಟಿರದ ಕಾಲದ್ದು. ಅದರ ಮೇಲಿರುವ ಮುರಕಲ್ಲು ಬಿಸಿಲು ಮಳೆಗಳು ಬಂಡೆಯನ್ನು ಕರಗಿಸಿ ಉಳಿಸಿದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಗಟ್ಟಿ. ಬಂಡೆಯನ್ನೇ ಕರಗಿಸುವ ಮಳೆ ಎಲುಬನ್ನು ಬಿಟ್ಟೀತೆ? ಹುಳಿ ಮಣ್ಣಿನಲ್ಲಿ ಸುಣ್ಣದ ಅಂಶ ನಿಲ್ಲುವುದಿಲ್ಲ, ಎಲುಬಿನ ಗಟ್ಟಿತನವೋ ಪೂರ್ತಿ ಕ್ಯಾಲ್ಸಿಯಮ್ಮಿನದು. ನಮ್ಮ ತೋಟದಲ್ಲಿ ಎಲುಬು ಸಿಕ್ಕಿತೆಂದರೆ ಹಿಂದೊಮ್ಮೆ ಹೂತ ದನದ್ದೋ ಎಮ್ಮೆಯದ್ದೋ ಆಗಿರುತ್ತದೆ. ಪಳೆಯುಳಿಕೆ ಬೇಕಿದ್ದರೆ ಕೆಸರು ಅಥವಾ ಮರಳು ಬೇಗ ಬಂದು ಮುಚ್ಚುವ, ಸುಣ್ಣದ ಅಂಶ ಇರುವ ಜಾಗ ಬೇಕು: ನದಿಯ ಹಳೆಯ ಮೆಕ್ಕಲು, ಸುಣ್ಣಕಲ್ಲಿನ ಗವಿ, ಸಮುದ್ರದಂಚಿನ ಜವುಗು.

ರಾಟೆ ಒಂದೋ, ಎರಡೋ

ಅಂತಹ ಜಾಗಗಳಲ್ಲೂ ಇಡೀ ಅಸ್ಥಿಪಂಜರ ಸಿಗುವುದು ಅಪರೂಪ. ಕತ್ತೆಕಿರುಬ, ತೋಳಗಳಂತಹವು ಉದ್ದ ಎಲುಬುಗಳನ್ನು ಮಜ್ಜೆಗಾಗಿ ಒಡೆಯುತ್ತವೆ. ಪಕ್ಕೆಲುಬು ಪುಡಿಯಾಗುತ್ತದೆ. ತೆಳುವಾದ ತಲೆಬುರುಡೆ ಮಣ್ಣಿನ ಭಾರಕ್ಕೆ ಚಪ್ಪಟೆಯಾಗುತ್ತದೆ. ಹರಡಿನ ಮೂಳೆಯಲ್ಲಿ ಮಜ್ಜೆಯ ಪೊಳ್ಳು ಇಲ್ಲ, ಮಾಂಸವೂ ಅಂಟಿಕೊಂಡಿರುವುದಿಲ್ಲ. ಗಿಡ್ಡ, ಗಟ್ಟಿ, ಸುತ್ತಲೂ ನುಣುಪು. ಹೊಳೆಯಲ್ಲಿ ಉರುಳಿದರೂ ಆಕಾರ ಕೆಡದು. ಆದ್ದರಿಂದ ಹಲ್ಲಿನ ನಂತರ ಪಳೆಯುಳಿಕೆ ಸಂಗ್ರಹಗಳಲ್ಲಿ ಇಡಿಯಾಗಿ ಸಿಗುವ ವಸ್ತುಗಳಲ್ಲಿ ಇದಕ್ಕೆ ಮುಂದಿನ ಸಾಲಿನ ಸ್ಥಾನ.

ಗುರುತು ಹಿಡಿಯುವ ಬಗೆಯನ್ನು ತಿಳಿಯಲು ಬಾವಿಯ ರಾಟೆಯನ್ನು ನೆನೆಯಿರಿ. ಎರಡು ಏಣು, ನಡುವೆ ಒಂದು ತೋಡು. ಹಗ್ಗ ತೋಡಿನಲ್ಲಿ ಮುಂದಕ್ಕೂ ಹಿಂದಕ್ಕೂ ಓಡುತ್ತದೆ, ಪಕ್ಕಕ್ಕೆ ಜಾರುವುದಿಲ್ಲ. ಗೊರಸಿನ ಪ್ರಾಣಿಗಳ ಹರಡಿನ ಮೂಳೆಯ ಮೇಲ್ತುದಿ ಹೀಗೇ ಇದೆ. ಮೇಲಿನ ಕಾಲೆಲುಬಿನ ತುದಿ ಈ ತೋಡಿನಲ್ಲಿ ಕೂತು ಹಿಂದೆಮುಂದೆ ಮಾತ್ರ ಚಲಿಸುತ್ತದೆ. ಓಡುವಾಗ ಪಾದ ಪಕ್ಕಕ್ಕೆ ತಿರುಚಿ ಉಳುಕುವ ಭಯ ಕಡಿಮೆ. ನಮ್ಮ ಪಾದವನ್ನು ನಾವು ಒಳಕ್ಕೂ ಹೊರಕ್ಕೂ ವಾಲಿಸಬಲ್ಲೆವು, ಮರ ಹತ್ತಬಲ್ಲೆವು. ದನಕ್ಕೆ ಆ ಸ್ವಾತಂತ್ರ್ಯ ಇಲ್ಲ, ಅದರ ಬದಲಿಗೆ ಭದ್ರತೆ ಇದೆ.

ಈಗ ಮೂಳೆಯನ್ನು ತಲೆಕೆಳಗು ಮಾಡಿ ಕೆಳತುದಿಯನ್ನು ನೋಡಬೇಕು. ಕುದುರೆಯದ್ದಾದರೆ ಕೆಳತುದಿ ಹೆಚ್ಚುಕಡಿಮೆ ಚಪ್ಪಟೆ. ಮೇಲಿನ ತೋಡು ಆಳವಾಗಿ, ಓರೆಯಾಗಿ ಹರಿದಿರುತ್ತದೆ, ಕೆಳಗೆ ತೋಡೇ ಇಲ್ಲ. ಘೇಂಡಾಮೃಗದ ಮೂಳೆ ಇನ್ನೂ ಅಗಲ, ತೋಡಿನ ಆಳ ಕಡಿಮೆ, ಆದರೆ ರೀತಿ ಅದೇ. ಕುದುರೆ, ಘೇಂಡಾಮೃಗ, ಟ್ಯಾಪಿರ್ ಸೇರಿದ ಈ ಗುಂಪಿನಲ್ಲಿ ದೇಹದ ಭಾರ ನಡುಬೆರಳಿನ ಮೂಲಕ ನೆಲಕ್ಕಿಳಿಯುತ್ತದೆ. ಅವು ಬೆಸಬೆರಳಿನ ಪ್ರಾಣಿಗಳು.

ದನದ್ದಾದರೆ ಕೆಳತುದಿಯಲ್ಲಿ ಇನ್ನೊಂದು ರಾಟೆ ಇದೆ! ಮೇಲೊಂದು, ಕೆಳಗೊಂದು. ಹರಡಿನಲ್ಲಿ ಎರಡು ಕಡೆ ಮಡಿಚುವ ಕೀಲು, ಅದರಿಂದ ಕಾಲು ಇನ್ನಷ್ಟು ಮಡಿಚಿ ಬಿಲ್ಲಿನಂತೆ ಬಿಚ್ಚಿಕೊಳ್ಳುತ್ತದೆ. ದನ, ಎಮ್ಮೆ, ಕಾಟಿ, ಆಡು, ಜಿಂಕೆ, ಒಂಟೆ, ಜಿರಾಫೆ, ಹಂದಿ, ನೀರಾನೆ ಎಲ್ಲದರಲ್ಲೂ ಈ ಜೋಡಿರಾಟೆ ಇದೆ. ಇವುಗಳಲ್ಲಿ ಭಾರ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಹಂಚಿಹೋಗುತ್ತದೆ, ಗೊರಸು ಸೀಳಿರುತ್ತದೆ. ಸಮಬೆರಳಿನ ಪ್ರಾಣಿಗಳು ಎಂಬ ಹೆಸರು ಬಂದದ್ದು ಬೆರಳ ಲೆಕ್ಕದಿಂದ. ಆದರೆ ಬೆರಳಿಗಿಂತ ಗಟ್ಟಿಯಾದ ಗುರುತು ಜೋಡಿರಾಟೆಯೇ. ಬದುಕಿರುವ ಬೇರೆ ಯಾವ ಸಸ್ತನಿಯಲ್ಲೂ ಅದು ಇಲ್ಲ.

ಇದನ್ನು ಪರೀಕ್ಷಿಸಲು ನಮ್ಮ ದೇಶದಲ್ಲೇ ಒಳ್ಳೆಯ ಜಾಗವಿದೆ. ಗುಜರಾತಿನ ಸೂರತ್ ಬಳಿಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5.45 ಕೋಟಿ ವರ್ಷಗಳ ಹಿಂದಿನ ಪದರಗಳಿವೆ. ಭಾರತ ಆಗಿನ್ನೂ ಏಷ್ಯಾಕ್ಕೆ ಪೂರ್ತಿ ಬೆಸೆದುಕೊಂಡಿರಲಿಲ್ಲ. ಅಲ್ಲಿ ಸಿಕ್ಕ ಒಂದು ಪ್ರಾಣಿ ಕ್ಯಾಂಬೇಥೀರಿಯಂ. ಆಡು ಕುರಿಯ ಗಾತ್ರದ ಇದನ್ನು ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು 2005ರಲ್ಲಿ ಹೆಸರಿಸಿದರು. ಕೆನೆತ್ ರೋಸ್, ರಾಜೇಂದ್ರ ರಾಣಾ, ಅಶೋಕ್ ಸಾಹ್ನಿ ಮೊದಲಾದವರ ತಂಡ 200ಕ್ಕೂ ಹೆಚ್ಚು ತುಣುಕುಗಳನ್ನು ಕೂಡಿಸಿ ನೋಡಿ, ಕುದುರೆ ಮತ್ತು ಘೇಂಡಾಮೃಗಗಳ ಕುಲ ಕವಲೊಡೆಯುವ ಮುಂಚಿನ ಹತ್ತಿರದ ನೆಂಟ ಇದು ಎಂದು 2014ರಲ್ಲಿ ತೋರಿಸಿತು. ಅದೇ ಗಣಿಯಲ್ಲಿ ಡಯಕೊಡೆಕ್ಸಿಸ್ ಎಂಬ ಇನ್ನೊಂದು ಪ್ರಾಣಿಯ ಚೂರುಗಳೂ ಸಿಕ್ಕವು. ಅದು ಮೊಲದಷ್ಟಿದ್ದ, ತೆಳುಗಾಲಿನ ಪ್ರಾಣಿ. ಎರಡರ ಹರಡಿನ ಮೂಳೆಗಳನ್ನು ಒಂದೇ ತಟ್ಟೆಯಲ್ಲಿ ಬೆರೆಸಿಟ್ಟರೂ ಬೇರ್ಪಡಿಸಲು ಕಷ್ಟವಿಲ್ಲ. ಡಯಕೊಡೆಕ್ಸಿಸ್‌ನಲ್ಲಿ ಆಗಲೇ ಜೋಡಿರಾಟೆ ಇದೆ, ಕ್ಯಾಂಬೇಥೀರಿಯಂನಲ್ಲಿ ಇಲ್ಲ. ಅಂದರೆ ದನದ ಕುಲವೂ ಕುದುರೆಯ ಕುಲವೂ ಐದೂವರೆ ಕೋಟಿ ವರ್ಷಗಳ ಹಿಂದೆಯೇ ಹರಡಿನಲ್ಲಿ ಬೇರೆಬೇರೆ ದಾರಿ ಹಿಡಿದಿದ್ದವು. ಕೊಂಬು ಆಮೇಲೆ ಬಂತು, ಒಂಟಿ ಗೊರಸು ಆಮೇಲೆ ಬಂತು, ಮೆಲುಕು ಹಾಕುವ ಹೊಟ್ಟೆಗೂ ಆಗಿನ್ನೂ ಕಾಲ ಬಂದಿರಲಿಲ್ಲ.

ದನವೋ, ಜಿಂಕೆಯೋ, ಹಂದಿಯೋ

ಕುಲ ಗೊತ್ತಾಯಿತು, ಮನೆತನ ಗೊತ್ತಾಗುವುದು ಹೇಗೆ? ಇಲ್ಲಿಂದ ಮುಂದೆ ಸೂಕ್ಷ್ಮ ಕೆಲಸ. ಜೋಡಿರಾಟೆಯ ಮೂಳೆಯನ್ನು ಮುಂದಿನಿಂದ ನೆಟ್ಟಗೆ ಹಿಡಿದರೆ, ದನ ಮತ್ತು ಜಿಂಕೆಗಳಲ್ಲಿ ಮೇಲಿನ ರಾಟೆ, ಕೆಳಗಿನ ರಾಟೆ ಒಂದೇ ಸಾಲಿನಲ್ಲಿರುತ್ತವೆ. ಎರಡೂ ಬದಿ ಸಮಾನಾಂತರ, ಮೂಳೆ ಚೌಕಾಕಾರ. ಹಂದಿಯಲ್ಲಿ ಕೆಳಗಿನ ರಾಟೆ ಒಂದು ಬದಿಗೆ ವಾಲಿರುತ್ತದೆ. ಹರಡಿನ ಮೂಳೆಯ ಕೆಳಗೆ ಕೂರುವ ಎರಡು ಚಿಕ್ಕ ಮೂಳೆಗಳು ಮೆಲುಕು ಹಾಕುವ ಪ್ರಾಣಿಗಳಲ್ಲಿ ಬೆಸೆದು ಒಂದಾಗಿವೆ. ಹಂದಿಯಲ್ಲೂ ಒಂಟೆಯಲ್ಲೂ ಬೇರೆಬೇರೆಯಾಗಿಯೇ ಇವೆ. ಬೆಸೆದ ಆ ಒಂದು ತುಣುಕು ಸಿಕ್ಕರೂ ಸಾಕು, ಒಂಟೆ, ಹಂದಿ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಬಹುದು.

ಇನ್ನು ಹರಡಿನಿಂದ ಗೊರಸಿನವರೆಗಿನ ಉದ್ದ ಎಲುಬು. ದನದ ಆ ಎಲುಬಿನ ಮುಂಭಾಗದಲ್ಲಿ ನೆಟ್ಟಗೆ ಒಂದು ಗೀರು ಇಳಿದಿರುತ್ತದೆ. ಮೂರನೆಯ, ನಾಲ್ಕನೆಯ ಬೆರಳಿನ ಎರಡು ಎಲುಬು ಬೆಸೆದುಕೊಂಡ ಗುರುತು ಅದು. ಕೆಳತುದಿಯಲ್ಲಿ ಎಲುಬು ಸೀಳಿ ಎರಡು ಗುಂಡು ತಲೆಗಳಾಗುತ್ತದೆ, ಒಂದೊಂದಕ್ಕೆ ಒಂದೊಂದು ಗೊರಸು. ಒಂಟೆಯಲ್ಲಿ ಆ ಎರಡು ತಲೆಗಳು ದೂರ ಕವಲೊಡೆದಿರುತ್ತವೆ. ಕುದುರೆಯಲ್ಲಿ ಒಂದೇ ತಲೆ, ಅದರ ನಡುವೆ ಎದ್ದ ಏಣು. ಜಿಂಕೆಯನ್ನೂ ದನ ಆಡುಗಳ ಬಳಗವನ್ನೂ ಬಿಡಿಸಲು ಹಿಂಗಾಲಿನ ಈ ಎಲುಬಿನ ಗೀರು ಕೆಳತುದಿಯಲ್ಲಿ ಹೇಗೆ ಮುಗಿಯುತ್ತದೆ ಎಂದು ನೋಡುತ್ತಾರೆ. ಜಿಂಕೆ, ಕಡವೆಗಳಲ್ಲಿ ಗೀರಿನ ಮೇಲೆ ಎಲುಬಿನ ಸಣ್ಣ ಸೇತುವೆ ಮುಚ್ಚಿಕೊಂಡಿರುತ್ತದೆ. ದನ, ಎಮ್ಮೆ, ಆಡುಗಳಲ್ಲಿ ತೆರೆದೇ ಇರುತ್ತದೆ. ಬೆರಳುಗುರಿನಷ್ಟು ಜಾಗದ ವ್ಯತ್ಯಾಸ ಇದು, ಆದರೆ ಕೊಂಬು ಉದುರುವ ಮನೆತನವನ್ನೂ ಉದುರದ ಮನೆತನವನ್ನೂ ಬೇರ್ಪಡಿಸುತ್ತದೆ.

ಗೊರಸಿನೊಳಗಿನ ತುದಿಮೂಳೆ ಸಿಕ್ಕರೂ ಕೆಲಸ ನಡೆಯುತ್ತದೆ. ಕುದುರೆಯದ್ದು ಎರಡೂ ಬದಿ ಸಮನಾದ ಅರ್ಧಚಂದ್ರ. ದನದ್ದು ಓರೆ, ಇನ್ನೊಂದು ಬೆರಳಿಗೆ ತಾಗುವ ಬದಿ ಚಪ್ಪಟೆ. ಇಲ್ಲದ ಮೂಳೆಯ ಸುಳಿವನ್ನು ಇರುವ ಮೂಳೆ ಕೊಡುವುದೂ ಉಂಟು. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಹಿಪ್ಪೇರಿಯನ್ ಬಳಗದ ಮೂರು ಬೆರಳಿನ ಕುದುರೆಗಳಿದ್ದವು. ಅವುಗಳ ಪಕ್ಕದ ಬೆರಳುಗಳು ತೆಳು, ಕಳೆದುಹೋಗುವುದೇ ಹೆಚ್ಚು. ಆದರೂ ನಡುವಿನ ಎಲುಬಿನ ಬದಿಯಲ್ಲಿ ಪಕ್ಕದ ಎಲುಬು ತಾಗುತ್ತಿದ್ದ ನುಣುಪು ಕಲೆಗಳು ಉಳಿದಿರುತ್ತವೆ. ಬೆರಳು ಇಲ್ಲ, ಬೆರಳು ಕೂರುತ್ತಿದ್ದ ಜಾಗ ಇದೆ.

ಅದೇ ಶಿವಾಲಿಕ್‌ನಿಂದ ಹ್ಯೂ ಫಾಲ್ಕನರ್ ಮತ್ತು ಪ್ರೋಬಿ ಕಾಟ್ಲಿ 1836ರಲ್ಲಿ ಜಗತ್ತಿಗೆ ಪರಿಚಯಿಸಿದ ಶಿವಥೀರಿಯಂ ಜಿರಾಫೆಯ ಮನೆತನದ್ದು. ಆದರೆ ಅದರ ಕಾಲೆಲುಬು ಜಿರಾಫೆಯಂತೆ ನೀಳವಲ್ಲ, ಗಿಡ್ಡ ಮತ್ತು ದಪ್ಪ. ಕೀಲು ಹೇಳುವುದು ಜಿರಾಫೆ ಬಳಗ ಎಂದು, ಅಳತೆ ಹೇಳುವುದು ಭಾರಿ ಮೈ ಎಂದು. ಎಲುಬುಗಳಿಂದ ಇಡೀ ಪ್ರಾಣಿಯ ಮಾದರಿ ಕಟ್ಟಿದ 2016ರ ಅಧ್ಯಯನವೊಂದು ಅದರ ತೂಕ ಸುಮಾರು 1,250 ಕಿಲೋ ಇದ್ದೀತೆಂದು ಲೆಕ್ಕ ಹಾಕಿತು. ಹರಡಿನ ಮೂಳೆಯೊಂದರ ಅಳತೆಯಿಂದಲೇ ತೂಕ ಅಂದಾಜಿಸುವ ಸೂತ್ರಗಳೂ ಇವೆ. ಮಾರ್ಟಿನೆಜ್ ಮತ್ತು ಸುದ್ರ್ ಎಂಬಿಬ್ಬರು 1995ರಲ್ಲಿ ಅಂತಹದ್ದೊಂದನ್ನು ಪ್ರಕಟಿಸಿದರು. ಇಡೀ ಮೈಯ ಭಾರ ಹಾದುಹೋಗುವ ಮೂಳೆ ಅದು, ಭಾರಕ್ಕೆ ತಕ್ಕ ಅಗಲ ಅದಕ್ಕೆ ಇರಲೇಬೇಕು.

ಕಾಲು ಸುಳ್ಳು ಹೇಳುವುದೂ ಉಂಟು

ಇಷ್ಟೆಲ್ಲ ಓದಿದ ಮೇಲೆ ಕಾಲಿನ ಎಲುಬಿನಲ್ಲಿ ಎಲ್ಲವೂ ಬರೆದಿದೆ ಎಂದು ನಂಬಿಬಿಟ್ಟರೆ ಮೋಸ ಹೋಗುತ್ತೇವೆ. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಫ್ರಾನ್ಸಿನ ಜಾರ್ಜ್ ಕ್ಯೂವಿಯೆಯೇ ಮೋಸ ಹೋಗಿದ್ದ. ಜರ್ಮನಿಯ ಊರೊಂದರಲ್ಲಿ ಸಿಕ್ಕ ದೊಡ್ಡ ಉಗುರಿನ ಬೆರಳೊಂದನ್ನು ನೋಡಿ ಆತ ದೈತ್ಯ ಚಿಪ್ಪುಹಂದಿಯದ್ದು ಎಂದ. ಅದೇ ಊರಿನಲ್ಲಿ ಸಿಕ್ಕ ಹಲ್ಲುಗಳಿಗೆ ಯೋಹಾನ್ ಕೌಪ್ 1833ರಲ್ಲಿ ಕ್ಯಾಲಿಕೊಥೀರಿಯಂ ಎಂದು ಹೆಸರಿಟ್ಟ. ಹಲ್ಲು ಸೊಪ್ಪು ತಿನ್ನುವ ಗೊರಸಿನ ಪ್ರಾಣಿಯದ್ದು. ಉಗುರು ಮತ್ತು ಹಲ್ಲು ಒಂದೇ ಪ್ರಾಣಿಯವು ಎಂದು ಗೊತ್ತಾಗಲು ಫ್ರಾನ್ಸಿನ ಸಾನ್ಸಾನ್‌ನಲ್ಲಿ ಎರಡೂ ಒಟ್ಟಿಗೆ ಸಿಗಬೇಕಾಯಿತು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಕುದುರೆ, ಘೇಂಡಾಮೃಗಗಳ ನೆಂಟನಾದ ಈ ಪ್ರಾಣಿ ಗೊರಸು ಬಿಟ್ಟು ಉಗುರು ಬೆಳೆಸಿಕೊಂಡಿತ್ತು. ಇದರ ಬಳಗದವು ನಮ್ಮ ಶಿವಾಲಿಕ್‌ನಲ್ಲೂ ಇದ್ದವು.

ಇದಕ್ಕೆ ತದ್ವಿರುದ್ಧ ದಕ್ಷಿಣ ಅಮೆರಿಕದ ಥೊಯಥೀರಿಯಂ. ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಗಿನೊ 1887ರಲ್ಲಿ ಹೆಸರಿಸಿದ ಇದಕ್ಕೆ ಕಾಲಿಗೆ ಒಂದೇ ಬೆರಳು, ಒಂದೇ ಗೊರಸು. ಪಕ್ಕದ ಬೆರಳುಗಳ ಅವಶೇಷ ಇಂದಿನ ಕುದುರೆಯಲ್ಲಿರುವುದಕ್ಕಿಂತಲೂ ಕಡಿಮೆ. ಬೆರಳನ್ನು ಮಾತ್ರ ನೋಡಿದರೆ ಕುದುರೆಗಿಂತ ಕುದುರೆ! ಆದರೆ ಅದರ ಹರಡಿನ ಮೂಳೆಯ ಕೆಳತುದಿ ಕುದುರೆಯಂತೆ ಚಪ್ಪಟೆಯಲ್ಲ, ಗುಂಡಗೆ ಉಬ್ಬಿದೆ. ಅದು ಬೇರೆಯೇ ಖಂಡದಲ್ಲಿ ಬೇರೆಯೇ ದಾರಿಯಿಂದ ಓಟಗಾರನಾದ ಪ್ರಾಣಿ. ಈ ಬಳಗದ ಕೊನೆಯವುಗಳಲ್ಲಿ ಒಂದಾದ ಮ್ಯಾಕ್ರೊಕೀನಿಯದ ಎಲುಬಿನ ಪ್ರೋಟೀನನ್ನು 2015ರಲ್ಲಿ ಓದಿದಾಗ, ಕುದುರೆ ಘೇಂಡಾಮೃಗಗಳ ಕುಲಕ್ಕೆ ಇದು ದೂರದ ದಾಯಾದಿ ಎಂದು ಗೊತ್ತಾಯಿತು.

ಈ ಎರಡು ಉದಾಹರಣೆಗಳಿಂದ ಕೆಲಸದ ನಿಯಮವೊಂದು ಹೊರಡುತ್ತದೆ. ಬೆರಳ ಲೆಕ್ಕ, ಉಗುರಿನ ಆಕಾರ, ಎಲುಬಿನ ಉದ್ದಗಿಡ್ಡ ಇವು ಬದುಕಿಗೆ ತಕ್ಕಂತೆ ಬದಲಾಗುತ್ತವೆ. ಓಡುವವು ಯಾವ ಕುಲದವಾದರೂ ಕಾಲು ಉದ್ದ ಮಾಡಿಕೊಳ್ಳುತ್ತವೆ, ಬೆರಳು ಕಳೆದುಕೊಳ್ಳುತ್ತವೆ. ಕೀಲುಗಳು ಒಂದಕ್ಕೊಂದು ಕೂರುವ ಬಗೆ ಅಷ್ಟು ಸುಲಭವಾಗಿ ಬದಲಾಗದು. ಒಂದು ಮೂಳೆಯ ತೋಡು ಬದಲಾಗಬೇಕಾದರೆ ಅದಕ್ಕೆ ತಾಗುವ ಮೂರು ನಾಲ್ಕು ಮೂಳೆಗಳೂ ಒಟ್ಟಿಗೆ ಬದಲಾಗಬೇಕು. ಹಾಗಾಗಿ ಬದುಕನ್ನು ತಿಳಿಯಲು ಬೆರಳಿನ ಕಡೆ ನೋಡಿ, ವಂಶವನ್ನು ತಿಳಿಯಲು ಹರಡಿನ ಕಡೆ ನೋಡಿ.

ತಿಮಿಂಗಿಲದ ಹಿಂಗಾಲು

ಈ ನಿಯಮಕ್ಕೆ ಅತಿ ದೊಡ್ಡ ಪರೀಕ್ಷೆ ಬಂದದ್ದು ತಿಮಿಂಗಿಲದ ವಿಚಾರದಲ್ಲಿ. ಲೀ ವ್ಯಾನ್ ವೇಲನ್ 1966ರಲ್ಲಿ ಹಲ್ಲುಗಳನ್ನು ಹೋಲಿಸಿ, ತಿಮಿಂಗಿಲಗಳು ಮೆಸೊನಿಕಿಡ್ ಎಂಬ ಅಳಿದುಹೋದ ಮಾಂಸಾಹಾರಿ ಗುಂಪಿನಿಂದ ಬಂದವು ಎಂದಿದ್ದರು. ಗೊರಸಿದ್ದೂ ಮಾಂಸ ತಿನ್ನುತ್ತಿದ್ದ ಪ್ರಾಣಿಗಳವು. ಪಳೆಯುಳಿಕೆ ತಜ್ಞರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಪಾಠ ಮಾಡಿದರು. ಇತ್ತ ರಕ್ತದ ಪ್ರೋಟೀನ್ ಪರೀಕ್ಷಿಸಿದವರು 1950ರಲ್ಲೇ ಬೇರೆ ಮಾತು ಹೇಳಿದ್ದರು. 1990ರ ದಶಕದಲ್ಲಿ ಡಿಎನ್ಎ ಓದಿದವರು ಅದನ್ನು ಇನ್ನೂ ಗಟ್ಟಿಯಾಗಿ ಹೇಳಿದರು: ತಿಮಿಂಗಿಲ ಸಮಬೆರಳಿನ ಕುಲದ್ದು, ಬದುಕಿರುವವುಗಳಲ್ಲಿ ಅದರ ಅತಿ ಹತ್ತಿರದ ನೆಂಟ ನೀರಾನೆ. ಎಲುಬಿನವರು ಇದನ್ನು ಒಪ್ಪಲಿಲ್ಲ. ಹಾಗಿದ್ದರೆ ಕಾಲಿದ್ದ ಹಳೆಯ ತಿಮಿಂಗಿಲದ ಹರಡಿನಲ್ಲಿ ಜೋಡಿರಾಟೆ ಇರಬೇಕಲ್ಲ, ತೋರಿಸಿ ಎಂಬಲ್ಲಿಗೆ ವಾದ ಬಂದು ನಿಂತಿತು.

2001ರ ಸೆಪ್ಟೆಂಬರಿನಲ್ಲಿ ಎರಡು ತಂಡಗಳು ಒಂದು ದಿನದ ಅಂತರದಲ್ಲಿ ತೋರಿಸಿದವು. ಹಾನ್ಸ್ ಥೆವಿಸನ್ ಅವರ ತಂಡ 20ರಂದು ಪಾಕಿಸ್ತಾನದ ಪಂಜಾಬಿನಲ್ಲಿ ಸಿಕ್ಕ ಪಾಕಿಸೀಟಸ್‌ನ ಅಸ್ಥಿಗಳನ್ನು ಪ್ರಕಟಿಸಿತು. ಫಿಲಿಪ್ ಗಿಂಗರಿಚ್ ಅವರ ತಂಡ 21ರಂದು ಬಲೂಚಿಸ್ತಾನದಲ್ಲಿ ಸಿಕ್ಕ, ಸುಮಾರು 4.7 ಕೋಟಿ ವರ್ಷ ಹಳೆಯ ರೋಡೋಸೀಟಸ್ ಮತ್ತು ಆರ್ಟಿಯೋಸೀಟಸ್‌ಗಳ ಪಾದಗಳನ್ನು ಪ್ರಕಟಿಸಿತು. ಮೂರರಲ್ಲೂ ಮೇಲೊಂದು, ಕೆಳಗೊಂದು ರಾಟೆ. ಅದುವರೆಗೆ ಮೆಸೊನಿಕಿಡ್ ವಾದವನ್ನು ಎತ್ತಿಹಿಡಿದಿದ್ದ ಗಿಂಗರಿಚ್ ತಾವೇ ಹೊರತೆಗೆದ ಮೂಳೆಯನ್ನು ನೋಡಿ ವಾದ ಬಿಟ್ಟುಕೊಟ್ಟರು. ಹಲ್ಲು ಊಟಕ್ಕೆ ತಕ್ಕಂತೆ ಬದಲಾಗಿ ಎಲ್ಲರನ್ನೂ ದಾರಿ ತಪ್ಪಿಸಿತ್ತು. ನೀರಿಗಿಳಿದು ಓಟವನ್ನೇ ಮರೆಯುತ್ತಿದ್ದ ಪ್ರಾಣಿಯ ಹರಡಿನಲ್ಲಿ ಓಟಗಾರ ಪೂರ್ವಿಕರ ಕೀಲು ಹಾಗೆಯೇ ಉಳಿದಿತ್ತು.

ಹಾಗಾದರೆ ನೀರಿಗಿಳಿಯುವ ಮುಂಚಿನ ನೆಂಟ ಯಾರು? ಉತ್ತರ ಡೆಹ್ರಾಡೂನಿನ ಮನೆಯೊಂದರಲ್ಲಿ ಕಲ್ಲಿನೊಳಗೆ ಕೂತಿತ್ತು. ಭೂವಿಜ್ಞಾನಿ ಎ. ರಂಗರಾವ್ ಜಮ್ಮುವಿನ ಕಾಲಾಕೋಟ್ ಬಳಿ ಎಲುಬು ತುಂಬಿದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಅದರಲ್ಲಿದ್ದ ಒಂದು ಪ್ರಾಣಿಯನ್ನು 1971ರಲ್ಲಿ ಇಂಡೋಹ್ಯಸ್ ಎಂದು ಹೆಸರಿಸಿದರು. ಹೆಸರಿಸಲು ಹಲ್ಲು, ದವಡೆ ಸಾಕಾಗಿದ್ದವು, ಮಿಕ್ಕ ಕಲ್ಲುಗಳು ಒಡೆಯದೇ ಉಳಿದವು. ಅವರ ಕಾಲಾನಂತರ ಪತ್ನಿ, ಜರ್ಮನಿಯ ಪಳೆಯುಳಿಕೆ ತಜ್ಞೆ ಫ್ರೀಡ್ಲಿಂಡ್ ಓಬರ್ಗ್‌ಫೆಲ್ ಆ ಕಲ್ಲುಗಳನ್ನು ಜತನದಿಂದ ಕಾಯ್ದರು. ಕೊನೆಗೆ ಅವು ಥೆವಿಸನ್ ಅವರ ಕೈ ಸೇರಿದವು. ಕಲ್ಲು ಬಿಡಿಸುವ ಕೆಲಸದಲ್ಲಿ ತಲೆಬುರುಡೆಯ ಕಿವಿಯ ಭಾಗ ಆಕಸ್ಮಿಕವಾಗಿ ಒಡೆಯಿತು, ಒಳಗೆ ತಿಮಿಂಗಿಲಗಳಲ್ಲಿ ಮಾತ್ರ ಕಾಣುವ ದಪ್ಪ ಅಂಚು ಕಂಡಿತು. ಕಾಲೆಲುಬುಗಳ ಗೋಡೆ ನೀರಾನೆಯದ್ದರಂತೆ ದಪ್ಪವಿತ್ತು, ನೀರಿನಲ್ಲಿ ತೇಲದೆ ನಡೆಯಲು ಬೇಕಾದ ಭಾರ ಅದು. ಹರಡಿನಲ್ಲಿ ನಿರೀಕ್ಷೆಯಂತೆ ಜೋಡಿರಾಟೆ. ಸುನಿಲ್ ಬಾಜಪೇಯಿ, ಬಿ.ಎನ್. ತಿವಾರಿ ಸೇರಿದ್ದ ತಂಡ 2007ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಿಸಿತು: ಸುಮಾರು 4.8 ಕೋಟಿ ವರ್ಷಗಳ ಹಿಂದಿನ ಈ ಗೊರಸಿನ ಪ್ರಾಣಿಯ ಬಳಗವೇ ತಿಮಿಂಗಿಲಗಳ ಅತಿ ಹತ್ತಿರದ ನೆಂಟರು.

ಇಂಡೋಹ್ಯಸ್ ನೋಡಲು ಹೇಗಿತ್ತು, ಹೇಗೆ ಬದುಕುತ್ತಿತ್ತು ಎಂದು ಕೇಳಿದಾಗ ವಿಜ್ಞಾನಿಗಳು ಕೈತೋರಿಸಿದ್ದು ಬರಿಂಕದ ಬಳಗದ ಕಡೆಗೆ. ಚಾರ್ಮಾಡಿ, ಕುದುರೆಮುಖದ ಕಾಡಿನಲ್ಲಿ ರಾತ್ರಿ ಹೊತ್ತು ಓಡಾಡುವ, ಮೂರು ಕಿಲೋ ಆಸುಪಾಸಿನ, ಮೈಮೇಲೆ ಬಿಳಿ ಚುಕ್ಕೆ ಪಟ್ಟೆಗಳಿರುವ ಆ ಕೂರ ಪ್ರಾಣಿಯೇ. ಅದಕ್ಕೆ ಕೊಂಬಿಲ್ಲ, ಗಂಡಿಗೆ ಕೋರೆಹಲ್ಲು ಇದೆ. ಮೆಲುಕು ಹಾಕುತ್ತದೆ, ಆದರೆ ಹೊಟ್ಟೆಯಲ್ಲಿ ದನಕ್ಕಿರುವ ಮೂರನೆಯ ಕೋಣೆ ಸರಿಯಾಗಿ ಬೆಳೆದಿಲ್ಲ. ಹರಡಿನ ಮೂಳೆಯಲ್ಲೂ ಹಳೆಯ ಕಾಲದ ಗುರುತು: ಜೋಡಿರಾಟೆ ಇದೆ, ಆದರೆ ಎರಡೂ ದನ ಜಿಂಕೆಗಳಂತೆ ಒಂದೇ ಸಾಲಿನಲ್ಲಿಲ್ಲ, ತುಸು ಓರೆ. ಅದೇ ಪಾದದ ಚಿಕ್ಕ ಮೂಳೆಗಳೋ ಮೆಲುಕು ಹಾಕುವವುಗಳಂತೆ ಬೆಸೆದಿವೆ. ಹಂದಿಯಂತಹ ಪೂರ್ವಿಕರಿಗೂ ಜಿಂಕೆಗೂ ನಡುವಿನ ಮಜಲು ಜೀವಂತವಾಗಿ ನೋಡಲು ಸಿಗುವುದು ಇಲ್ಲಿ. ಆಫ್ರಿಕದ ಬರಿಂಕ ಹದ್ದು ಎರಗಿದರೆ ಹೊಳೆಗೆ ಹಾರಿ ನೀರಡಿಯಲ್ಲಿ ನಡೆದು ತಪ್ಪಿಸಿಕೊಳ್ಳುತ್ತದೆ. ಶ್ರೀಲಂಕಾದಲ್ಲಿ ಮುಂಗುಸಿ ಅಟ್ಟಿಸಿಕೊಂಡು ಬಂದಾಗ ಬರಿಂಕವೊಂದು ಕೊಳಕ್ಕೆ ಇಳಿದು ಮುಳುಗಿದ್ದನ್ನು ನೋಡಿದವರು ದಾಖಲಿಸಿದ್ದಾರೆ. ತಿಮಿಂಗಿಲದ ಪೂರ್ವಿಕರು ನೀರಿಗಿಳಿದದ್ದು ಮೊದಲು ಮೀನಿಗಾಗಿಯಲ್ಲ, ಜೀವ ಉಳಿಸಿಕೊಳ್ಳಲು ಎಂಬ ಊಹೆಗೆ ಈ ಸ್ವಭಾವ ಬಲ ಕೊಟ್ಟಿತು. ಆದರೆ ಬರಿಂಕ ತಿಮಿಂಗಿಲದ ಅಜ್ಜ ಎಂದು ಯಾರೂ ತಿಳಿಯಬಾರದು, ಒಂದು ಹಳೆಯ ಬದುಕಿನ ಮಾದರಿ ಅಷ್ಟೇ.

ಘಟ್ಟದ ಮೇಲಿನ ಎಲುಬುಗಳು

ಕರ್ನಾಟಕದಲ್ಲಿ ಇಂತಹ ಎಲುಬುಗಳು ಸಿಗುವುದು ಘಟ್ಟದಾಚೆಯ ಬಯಲುಸೀಮೆಯಲ್ಲಿ. ರಾಬರ್ಟ್ ಬ್ರೂಸ್ ಫೂಟ್ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಸಿಕ್ಕ ಪಳೆಯುಳಿಕೆಯನ್ನು 1874ರಲ್ಲಿ ಘೇಂಡಾಮೃಗದ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ದಖ್ಖನಿನ ಹೆಸರನ್ನೇ ಕೊಟ್ಟ. ನಮ್ಮ ಉಪಖಂಡದಲ್ಲಿ ಇಂದು ಅಸ್ಸಾಂ, ನೇಪಾಳ ಮೊದಲಾದ ಕಡೆಯ ಹುಲ್ಲುಗಾವಲಿಗೆ ಸೀಮಿತವಾದ ಕುಲ ಒಂದು ಕಾಲಕ್ಕೆ ಘಟಪ್ರಭೆಯ ದಂಡೆಯಲ್ಲೂ ಮೇಯುತ್ತಿತ್ತು. ಸುರಪುರದ ಸೀಮೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಕೆಲಸ ಮಾಡಿದರು. ಅಲ್ಲಿನ ಇಸಾಂಪುರದ ಕಲ್ಲಾಯುಧದ ನೆಲೆಗೆ ಸುಮಾರು 12 ಲಕ್ಷ ವರ್ಷ ಎಂಬ ಕಾಲ ಗೊತ್ತಾದದ್ದು ದನದ ಬಳಗದ ಪ್ರಾಣಿಯ ಹಲ್ಲಿನ ಎನಾಮೆಲ್ಲಿನಿಂದ. ಗಡಿಯಾಚೆ ಕರ್ನೂಲಿನ ಬಿಲ್ಲಸುರ್ಗಂ ಗವಿಗಳಲ್ಲಿ ಫೂಟ್ ಮತ್ತು ಮಗ 1880ರ ದಶಕದಲ್ಲಿ ಅಗೆದರು. ಅದೇ ಗವಿಗಳ ಎಲುಬುಗಳನ್ನು ಹೊಸದಾಗಿ ಓದಿದ 2014ರ ಅಧ್ಯಯನವೊಂದು, ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಇಂದಿಗೂ ಉಪಖಂಡದಲ್ಲಿ ಬದುಕಿವೆ ಎಂದಿತು, ಅದೂ ಎರಡು ಲಕ್ಷ ವರ್ಷಗಳ ಹವಾಮಾನದ ಏರಿಳಿತಗಳನ್ನು ದಾಟಿ.

ಇಂತಹ ನೆಲೆಗಳಲ್ಲಿ ಕಾಲಿನ ಮೂಳೆ ಓದುವವರಿಗೆ ಎದುರಾಗುವ ತೊಡಕು ದನ ಮತ್ತು ಎಮ್ಮೆಯದ್ದು. ಅಳಿದುಹೋದ ಕಾಡುದನ, ಕಾಡೆಮ್ಮೆ, ಕಾಟಿ ಮೂರೂ ದೊಡ್ಡವು, ಮೂರರ ಹರಡಿನ ಮೂಳೆಯೂ ಚೌಕ, ಜೋಡಿರಾಟೆ. ಕುಲ, ಮನೆತನ ಎರಡೂ ಒಂದೇ ಆದಮೇಲೆ ಉಳಿಯುವುದು ಏಣಿನ ಎತ್ತರ, ತೋಡಿನ ಓರೆ, ಅಂಚಿನ ಗುಳಿಗಳಂತಹ ಸಣ್ಣ ವ್ಯತ್ಯಾಸಗಳು. ಒಂದು ಗಂಡು, ಒಂದು ಹೆಣ್ಣು, ಒಂದು ಎಳೆಯದು ಇದ್ದರೆ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ. ಪುಸ್ತಕದ ಚಿತ್ರ ಅಲ್ಲಿ ಕೈಕೊಡುತ್ತದೆ. ಗುರುತಿರುವ ಪ್ರಾಣಿಯ ಮೂಳೆಗಳು ಹತ್ತಾರು ಮೇಜಿನ ಮೇಲಿದ್ದರೆ ಮಾತ್ರ ಹನ್ನೊಂದನೆಯದನ್ನು ಧೈರ್ಯದಿಂದ ಹೆಸರಿಸಬಹುದು.

ಕಾಡು ಯಾವುದು, ಬಯಲು ಯಾವುದು ಎಂದು ಮೂಳೆಯಿಂದ ಹೇಳುವವರೂ ಇದನ್ನೇ ಮಾಡಿದರು. ಡೇವಿಡ್ ಡಿಗಸ್ಟಾ ಮತ್ತು ಎಲಿಸಬೆತ್ ವ್ರ್ಬಾ ಆಫ್ರಿಕದ ದನ ಹುಲ್ಲೆಗಳ ಬಳಗದ, ಎಲ್ಲಿ ಬದುಕಿದ್ದವೆಂದು ಗೊತ್ತಿರುವ ಪ್ರಾಣಿಗಳ ಹರಡಿನ ಮೂಳೆಗಳನ್ನು ಅಳೆದು 2003ರಲ್ಲಿ ಒಂದು ವಿಧಾನ ಕೊಟ್ಟರು. ದಟ್ಟ ಕಾಡು, ಪೊದೆಕಾಡು, ವಿರಳ ಮರಗಳ ಜಾಗ, ಬಯಲು ಎಂಬ ನಾಲ್ಕರಲ್ಲಿ ಮೂಳೆ ಎಲ್ಲಿಯದು ಎಂದು ಮೂರರಲ್ಲಿ ಎರಡರಷ್ಟು ಬಾರಿ ಅದು ಸರಿಯಾಗಿ ಹೇಳುತ್ತಿತ್ತು. ಪಕ್ಕಾ ಸಾಕ್ಷಿಯಲ್ಲ, ಆದರೆ ನೂರು ಮೂಳೆ ಸಿಕ್ಕ ನೆಲೆಯಲ್ಲಿ ಆ ಕಾಲದ ಕಾಡಿನ ಅಂದಾಜಿಗೆ ಸಾಕು. ನಮ್ಮ ಉಪಖಂಡದ ಪ್ರಾಣಿಗಳಿಗೆ ಆಫ್ರಿಕದ ಅಳತೆಪಟ್ಟಿ ಹಿಡಿದರೆ ಮಾತ್ರ ಸರಿಹೋಗದು. ಕಡವೆಯ ಕಾಡು ಬೇರೆ, ಇಂಪಾಲ ಹುಲ್ಲೆಯ ಕಾಡು ಬೇರೆ.

ನಮ್ಮ ತಾಲೂಕಿನಂತಹ ಜಾಗದಿಂದ ಈ ವಿಜ್ಞಾನಕ್ಕೆ ಸಿಗಬಹುದಾದದ್ದು ಇದೇ. ಮಣ್ಣಿನಲ್ಲಿ ಪಳೆಯುಳಿಕೆ ಇಲ್ಲ, ಆದರೆ ಪಳೆಯುಳಿಕೆಯನ್ನು ಓದಲು ಬೇಕಾದ ಬರಿಂಕ, ಕಾಡುಹಂದಿ, ಕಡವೆ, ಕಾಟಿ ನಾಲ್ಕೂ ಒಂದೇ ಘಟ್ಟದ ಬುಡದಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ ಕಾಡುಪ್ರಾಣಿ ಸರ್ಕಾರದ ಸೊತ್ತು. ಬರಿಂಕವಂತೂ ಮೊದಲನೆಯ ಪರಿಚ್ಛೇದದಲ್ಲಿದೆ, ಅದರ ಎಲುಬನ್ನು ಮನೆಗೆ ತಂದಿಟ್ಟುಕೊಳ್ಳುವುದು ಅಪರಾಧ. ಆದ್ದರಿಂದ ಕೆಲಸ ಅರಣ್ಯ ಇಲಾಖೆಯಿಂದಲೇ ಆಗಬೇಕು. ಘಾಟಿ ರಸ್ತೆಯಲ್ಲಿ ವಾಹನ ತಾಗಿ ಸತ್ತ ಪ್ರಾಣಿಯ ಪಂಚನಾಮೆ, ಮರಣೋತ್ತರ ಪರೀಕ್ಷೆ ಮುಗಿದ ಮೇಲೆ ಕಳೇಬರವನ್ನು ಸುಡುವುದೋ ಹೂಳುವುದೋ ವಾಡಿಕೆ. ಅದರ ಬದಲು ಕೆಲವನ್ನಾದರೂ, ಕಾನೂನಿನ ಅನುಮತಿ ಪಡೆದು, ಮಂಗಳೂರು ವಿಶ್ವವಿದ್ಯಾಲಯಕ್ಕೋ ಪಶುವೈದ್ಯ ಕಾಲೇಜುಗಳಿಗೋ ಕೊಡಲಿ. ಎಲುಬು ಬಿಡಿಸಿ ತೊಳೆದು, ಗಂಡೋ ಹೆಣ್ಣೋ, ಅಂದಾಜು ಪ್ರಾಯ, ತೂಕ, ಸಿಕ್ಕ ಜಾಗ, ದಿನಾಂಕ ಬರೆದ ಚೀಟಿಯೊಂದಿಗೆ ಪೆಟ್ಟಿಗೆಯಲ್ಲಿಡಲು ದೊಡ್ಡ ಖರ್ಚು ಬೀಳದು. ಚೀಟಿ ಇಲ್ಲದ ಎಲುಬು ಬರೀ ಎಲುಬು, ಚೀಟಿ ಇದ್ದರೆ ಅದು ಅಳತೆಗೋಲು. ಇಂಡೋಹ್ಯಸ್ ಮೂವತ್ತಕ್ಕೂ ಹೆಚ್ಚು ವರ್ಷ ಕಲ್ಲಿನೊಳಗೆ ಕಾದು ಕೂತರೂ ಕೆಲಸಕ್ಕೆ ಬಂದದ್ದು, ಅದನ್ನು ಯಾರೋ ಎಸೆಯದೆ ಇಟ್ಟದ್ದರಿಂದ. ರಸ್ತೆ ಅಗಲವಾದಷ್ಟೂ ವಾಹನದಡಿ ಬೀಳುವ ಪ್ರಾಣಿಗಳು ಹೆಚ್ಚುತ್ತಲೇ ಇವೆ. ಸಾವನ್ನು ತಪ್ಪಿಸುವುದು ಮೊದಲ ಕೆಲಸ. ತಪ್ಪಿಸಲಾಗದ ಸಾವು ಬೂದಿಯಾಗಿ ಮುಗಿಯದಂತೆ ನೋಡಿಕೊಳ್ಳುವುದು ಎರಡನೆಯದು, ಅದಕ್ಕೆ ಬೇಕಿರುವುದು ಒಂದು ಸುತ್ತೋಲೆ ಮತ್ತು ಒಂದು ಕಪಾಟು.